ನೇತ್ರಾವತಿ ಮಾದರಿ: ಜೆಪ್ಪಿನಮೊಗರು ಒದ್ದೆಯೇ ಆಗುತ್ತಿಲ್ಲ

ಎಂಟೆಕ್ ವಿದ್ಯಾರ್ಥಿನಿ: ನೇತ್ರಾವತಿ ನದಿಗೆ ಬಂಟ್ವಾಳದಿಂದ ಉಳ್ಳಾಲದವರೆಗೆ ಹೆಕ್-ರಾಸ್ ಎಂಬ ನದಿ ಹರಿವಿನ ತಂತ್ರಾಂಶದಲ್ಲಿ ಎರಡು ಆಯಾಮದ ನೆರೆ ಮಾದರಿ ಮಾಡುತ್ತಿದ್ದೇನೆ. ಮೇಲ್ಗಡೆ ಬಂಟ್ವಾಳದ ಹರಿವು ಕೊಟ್ಟಿದ್ದೇನೆ. ಕೆಳಗಿನ ಬೌಂಡರಿ (ಮಾದರಿ ಮುಗಿಯುವ ಗಡಿ) ಹೆದ್ದಾರಿ ಸೇತುವೆಯ ಬಳಿ: ನಾರ್ಮಲ್ ಡೆಪ್ತ್, ಅಂದರೆ ಇಳಿಜಾರಿನಿಂದಲೇ ನೀರಿನ ಮಟ್ಟ ಲೆಕ್ಕ ಹಾಕುವ ಕ್ರಮ, ಇಳಿಜಾರು 0.001. ಎಷ್ಟು ನೀರು ಬಿಟ್ಟರೂ ಸೇತುವೆ ಪಕ್ಕದ ಜೆಪ್ಪಿನಮೊಗರಿನ ತಗ್ಗು ಒಣಗಿಯೇ ಇದೆ. ತಪ್ಪೆಲ್ಲಿ?

ನಿವೃತ್ತ ಎಂಜಿನಿಯರ್: ಕಿಲೋಮೀಟರಿಗೆ ಒಂದು ಮೀಟರ್ ಇಳಿಜಾರು ಅಲ್ಲೆಲ್ಲಿದೆ ತಂಗೀ? ಸೇತುವೆಯ ಹತ್ತಿರ ನದಿ ಸಮುದ್ರದ ಮರ್ಜಿಯಲ್ಲಿದೆ. ನಾರ್ಮಲ್ ಡೆಪ್ತ್ ನೀರನ್ನು ಹೊರಗೆ ಬಿಡುತ್ತದೆ, ಉಬ್ಬರವನ್ನು ಒಳಗೆ ಬಿಡುವುದಿಲ್ಲ. ಗಡಿಯನ್ನು ಅಳಿವೆ ಬಾಗಿಲಿನಿಂದಾಚೆಗೆ ಒಯ್ದು ಗಂಟೆಗಂಟೆಯ ಸಮುದ್ರ ಮಟ್ಟ ಕೊಡಿ. ಗುರುಪುರ ನದಿಯೂ ಅಲ್ಲೇ ಸೇರುತ್ತದೆ, ಅದಕ್ಕೊಂದು ಒಳಹರಿವು ಬೇಕು. ಪಣಂಬೂರಿನ ಉಬ್ಬರವಿಳಿತ ಕೋಷ್ಟಕದ ಸೊನ್ನೆ ಸರಾಸರಿ ಸಮುದ್ರ ಮಟ್ಟಕ್ಕಿಂತ ಸುಮಾರು ಒಂದು ಮೀಟರ್ ಕೆಳಗಿದೆ, ಅದನ್ನು ಕಳೆಯಿರಿ. ಉಬ್ಬರ ಏನು ಮಾಡುತ್ತದೆಂದು 2020ರಲ್ಲಿ ಉಡುಪಿಯಲ್ಲಿ ನೋಡಲಿಲ್ಲವೇ?

ಕಲ್ಸಂಕದವ: ‘ಉಡುಪಿಯಲ್ಲಿ ನೋಡಲಿಲ್ಲವೇ’ ಎಂದರೆ, ನೋಡಿದವನು ನಾನು, ಉಡುಪಿಯ ಕಲ್ಸಂಕದವ. ಸೆಪ್ಟೆಂಬರ್ 20ರ ಬೆಳಗ್ಗೆ ನೀರು ತುಳಸಿಕಟ್ಟೆಯ ಅರ್ಧಕ್ಕೆ ನಿಂತಿತ್ತು. ಕೆಂಪು ನೀರು, ಮೇಲೆ ತೆಂಗಿನ ಸಿಪ್ಪೆ. ಉಪ್ಪಿನ ಅಂಶವೇ ಇರಲಿಲ್ಲ. ನಮ್ಮಲ್ಲಿ ಹರಿಯುವ ಇಂದ್ರಾಣಿ ತೋಡು ಉಕ್ಕಿದ್ದು ಮಳೆಗೆ.

ಮಾದರಿಗಾರ: ನೆರೆನೀರನ್ನು ನೆಕ್ಕಿ ನೋಡಿ ತೀರ್ಪು ಕೊಡುವವರನ್ನು ಇಂದೇ ಕಂಡದ್ದು! ಉಬ್ಬರ ನಿಮ್ಮ ಅಂಗಳಕ್ಕೆ ಬರಬೇಕಾಗಿಲ್ಲ, ಹೊಳೆಯ ಬಾಯಿ ಕಟ್ಟಿದರೆ ಸಾಕು. ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ದೊಡ್ಡದು; ಆ ವರ್ಷ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 17ಕ್ಕೆ, ಮೂರು ದಿನಕ್ಕೆ ನೆರೆ. ಇನ್ನೇನು ಸಾಕ್ಷಿ ಬೇಕು?

ಕಲ್ಸಂಕದವ: ಅಮಾವಾಸ್ಯೆ ತಿಂಗಳಿಗೊಂದು ಬರುತ್ತದೆ ಮಾರಾಯರೇ. ಪ್ರತಿ ತಿಂಗಳೂ ನಾವು ದೋಣಿ ಹತ್ತುತ್ತೇವೆಯೇ?

ಬಂಟ್ವಾಳ ಪೇಟೆ: ಸರಿಯಾಗಿ ಹೇಳಿದಿರಿ. 1974ರಲ್ಲಿ ನಮ್ಮ ಪೇಟೆ ಮುಳುಗಿದ್ದು ಘಟ್ಟದ ನೀರಿಗೆ. ಇಲ್ಲಿ ಅಪಾಯದ ಮಟ್ಟ 8.5 ಮೀಟರ್, ಸಮುದ್ರದ ಏರಿಳಿತ ಹೆಚ್ಚೆಂದರೆ ಒಂದೂವರೆ ಮೀಟರ್. ಅದು ಯಾವ ಲೆಕ್ಕ?

ನಿವೃತ್ತ ಎಂಜಿನಿಯರ್: ಜೆಪ್ಪಿನಮೊಗರು ಯಾವಾಗ ಬಂಟ್ವಾಳಕ್ಕೆ ಹೋಯಿತು?

ಮಾದರಿಗಾರ: ‘ದೋಣಿ ಹತ್ತುತ್ತೇವೆಯೇ’ ಎಂದು ಕುಹಕವಾಡುವವರಿಗೆ ಒಂದೇ ಪ್ರಶ್ನೆ: ಕಲ್ಸಂಕದ ನೀರು ಇಳಿದದ್ದು ಎಷ್ಟು ಗಂಟೆಗೆ? ಇಳಿತದ ಹೊತ್ತಿಗೇ ಇರಬೇಕು.

ಕಲ್ಸಂಕದವ: ‘ಇರಬೇಕು’! ಇದೇ ನಿಮ್ಮ ವಿಜ್ಞಾನ. ಮಳೆ ನಿಂತ ಮೇಲೆ ಇಳಿಯಿತು ಸ್ವಾಮಿ. ನಾನು ಆಗ ಅಡುಗೆಮನೆಯಿಂದ ಕೆಸರು ಬಳಿಯುತ್ತಿದ್ದೆ, ನೀವು ಪಂಚಾಂಗ ನೋಡುತ್ತಿದ್ದಿರಿ.

ಮಾದರಿಗಾರ: ವೈಯಕ್ತಿಕವಾಗಿ ಮಾತನಾಡಬೇಡಿ.

ಎಂಟೆಕ್ ವಿದ್ಯಾರ್ಥಿನಿ: ಗಡಿಯನ್ನು ಸಮುದ್ರಕ್ಕೆ ಸರಿಸಿ ಕೋಷ್ಟಕದ ಅಂಕಿಗಳನ್ನು ಹಾಗೆಯೇ ಹಾಕಿದೆ. ಈಗ ನದಿಯಲ್ಲಿ ಬೇಸಿಗೆಯ ಹರಿವು ಇಟ್ಟರೂ ಜೆಪ್ಪಿನಮೊಗರು ಮುಳುಗುತ್ತದೆ.

ಬಂಟ್ವಾಳ ಪೇಟೆ: ನೋಡಿದಿರಾ? ಉಬ್ಬರ ಸೇರಿಸಿದರೆ ಹೀಗೆಯೇ ಆಗುವುದು. ತೆಗೆದುಬಿಡಿ.

ನಿವೃತ್ತ ಎಂಜಿನಿಯರ್: ‘ಹಾಗೆಯೇ ಹಾಕಿದೆ’! ಒಂದು ಮೀಟರ್ ಕಳೆಯಿರಿ ಎಂದು ಮೊದಲೇ ಬರೆದಿದ್ದೆ. ಇಲ್ಲಿ ಓದುವವರು ಯಾರು?

ಕಲ್ಸಂಕದವ: ತುಳಸಿಕಟ್ಟೆಯ ಫೋಟೊ ಸಂಜೆ ಹಾಕುತ್ತೇನೆ. ಕಲೆ ಇನ್ನೂ ಇದೆ.