ಹಳೆಯ ತಲೆಬುರುಡೆಯಲ್ಲಿ ಕಿವುಡು ಗೊತ್ತಾಗೋದು ಹೇಗೆ? (ಡಾಕ್ಟರನ್ನು ಕೇಳಿ)

ಪ್ರಶ್ನೆ (ಹೈಸ್ಕೂಲ್ ವಿಜ್ಞಾನ ಮಾಸ್ತರು, ಗದಗ): ನಮಸ್ಕಾರ ಡಾಕ್ಟ್ರೇ. ಇರಾಕಿನ ಗವಿಯಲ್ಲಿ ಸಿಕ್ಕ ಒಬ್ಬ ನಿಯಾಂಡರ್ತಲ್ (ಈಗ ಅಳಿದುಹೋದ ಹಳೆಯ ಮಾನವ ಜಾತಿ) ಮನುಷ್ಯನಿಗೆ ಕಿವಿ ಸರಿಯಾಗಿ ಕೇಳಿಸ್ತಿರಲಿಲ್ಲ ಅಂತ ಕ್ಲಾಸಿನಲ್ಲಿ ಹೇಳಿದೆ. "ಸರ್, ಕಿವಿ ಮಣ್ಣಾಗಿ ಹೋಗಿರುತ್ತಲ್ಲಾ, ಗೊತ್ತಾಗಿದ್ದು ಹೆಂಗ್ರೀ?" ಅಂತ ಒಬ್ಬ ಹುಡುಗ ಕೇಳಿದ. ಏನು ಹೇಳಲಿ?

ಉತ್ತರ (ಕಿವಿ-ಮೂಗು-ಗಂಟಲು ಡಾಕ್ಟರ್, ಹುಬ್ಬಳ್ಳಿ): ನಮಸ್ಕಾರ ಮಾಸ್ತರೇ. ಹುಡುಗ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾನೆ. ಹೊರಗಿನ ಕಿವಿ, ತಮಟೆ, ನರ ಎಲ್ಲ ಮಣ್ಣಾಗುತ್ತವೆ. ಆದರೆ ಒಳಗಿವಿಯನ್ನು ಮುಚ್ಚಿಕೊಂಡಿರುವ ಮೂಳೆ ದೇಹದಲ್ಲೇ ತುಂಬ ಗಟ್ಟಿ. ತಲೆಬುರುಡೆ ಚೂರಾದರೂ ಅದೊಂದು ತುಂಡು ಉಳಿದುಬಿಡುತ್ತದೆ. ಅದಕ್ಕೆ ಅಂಟಿಕೊಂಡ ಕಿವಿಯ ಕಾಲುವೆ, ಅದರೊಳಗಿನ ಕಾಕ್ಲಿಯಾ (ಶಬ್ದ ಗ್ರಹಿಸುವ ಸುರುಳಿ), ದೇಹದ ಸಮತೋಲ ಕಾಯುವ ಮೂರು ನಾಳಗಳ ಪೊಳ್ಳು ಹಾಗೇ ಇರುತ್ತವೆ. ಕಿವಿ ಸೋರುವವರಿಗೆ ನಾವು ಬರೆದುಕೊಡುವ ಸಿಟಿ ಸ್ಕ್ಯಾನನ್ನೇ ಇನ್ನೂ ಸೂಕ್ಷ್ಮವಾಗಿ ಮಾಡಿ ಅವನ್ನೆಲ್ಲ ಅಳೆಯುತ್ತಾರೆ. ಅದೃಷ್ಟ ಇದ್ದರೆ ತಮಟೆಯ ಕಂಪನವನ್ನು ಒಳಗಿವಿಗೆ ದಾಟಿಸುವ, ಅಕ್ಕಿಕಾಳಿಗಿಂತ ಚಿಕ್ಕದಾದ ಸ್ಟೇಪಿಸ್ ಮೂಳೆಯೂ ಸಿಗುತ್ತದೆ.

ನೀವು ಹೇಳಿದ್ದು ಶಾನಿದಾರ್ 1 ಅನ್ನೋ ಅಸ್ಥಿಪಂಜರ. ಶಾನಿದಾರ್ ಅಂದರೆ ಆ ಗವಿಯ ಹೆಸರು. 1957ರಲ್ಲಿ ಪುರಾತತ್ವಜ್ಞ ರಾಲ್ಫ್ ಸೊಲೆಕಿ ತಂಡಕ್ಕೆ ಸಿಕ್ಕಿದ್ದು. ಅವನ ವಿಷಯದಲ್ಲಿ ಸ್ಕ್ಯಾನ್ ಕೂಡ ಬೇಕಿರಲಿಲ್ಲ ಅನ್ನಬಹುದು. ಎರಡೂ ಕಿವಿಯ ಕಾಲುವೆಗಳಲ್ಲಿ ಮೂಳೆಯೇ ಗಂಟುಗಂಟಾಗಿ ಬೆಳೆದಿದೆ. ದಾರಿ ಇಷ್ಟು ಇಕ್ಕಟ್ಟಾದರೆ ಒಳಗೆ ಮೇಣ, ಕೊಳೆ ಸಿಕ್ಕಿಕೊಂಡು ಕಿವಿ ಮುಚ್ಚಿಹೋಗುತ್ತದೆ. 2017ರಲ್ಲಿ ಮಾನವಶಾಸ್ತ್ರಜ್ಞರಾದ ಎರಿಕ್ ಟ್ರಿಂಕಾಸ್ ಮತ್ತು ಸೆಬಾಸ್ಟಿಯನ್ ವಿಲೋಟ್ ಇದನ್ನು ವಿವರವಾಗಿ ಬರೆದರು. ಆ ಮನುಷ್ಯನಿಗೆ ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಎಡಗಣ್ಣಿನ ಹತ್ತಿರ ದೊಡ್ಡ ಪೆಟ್ಟು ಬೇರೆ. ಆದರೂ ನಲವತ್ತು ದಾಟುವವರೆಗೆ ಬದುಕಿದ್ದ. ಜೊತೆಯವರು ನೋಡಿಕೊಳ್ಳದೆ ಅದು ಆಗುವಂಥದ್ದಲ್ಲ ಅಂತ ಅವರಿಬ್ಬರ ವಾದ. ನನಗೂ ಹಾಗೇ ಅನ್ನಿಸುತ್ತದೆ.

ಪ್ರಶ್ನೆ (ಒಬ್ಬ ತಾಯಿ, ಹಾವೇರಿ): ಆ ಗಂಟು ನೀರಿನಲ್ಲಿ ಜಾಸ್ತಿ ಇರೋರಿಗೆ ಬರುತ್ತಂತಲ್ರೀ. ನನ್ನ ಮಗ ಬ್ಯಾಸಗಿ ರಜೆ ಪೂರ್ತಿ ಬಾವಿಯಲ್ಲೇ ಇರ್ತಾನೆ!

ಉತ್ತರ: ಗಾಬರಿ ಬೇಡ ಅಕ್ಕಾರೆ. ಅದು ಬರುವುದು ತಣ್ಣನೆಯ ನೀರು, ಗಾಳಿ ವರ್ಷಗಟ್ಟಲೆ ಕಿವಿಗೆ ಬಡಿದರೆ. ಚಳಿ ದೇಶಗಳ ಸಮುದ್ರದಲ್ಲಿ ಅಲೆಯ ಮೇಲೆ ಜಾರುವ ಆಟ ಆಡುವವರಲ್ಲಿ ಸಾಮಾನ್ಯ. ನಮ್ಮ ಬಾವಿ ನೀರು ಅಷ್ಟು ತಣ್ಣಗಿರಲ್ಲ. ಇಲ್ಲಿ ಈಜಿದ ಮಕ್ಕಳಿಗೆ ಬರೋದು ಫಂಗಸ್, ಕಿವಿ ಕಾಲುವೆಯ ಸೋಂಕು. ಕಿವಿ ಒಣಗಿಸಿ. ಕಡ್ಡಿ, ಹೇರ್‌ಪಿನ್ ಹಾಕಬೇಡಿ. ಎಣ್ಣೆಯಂತೂ ಬೇಡವೇ ಬೇಡ.

ನಿಯಾಂಡರ್ತಲ್ ವಿಷಯ ಅಷ್ಟು ಸಲೀಸಾಗಿಲ್ಲ. 2019ರಲ್ಲಿ 23 ಜನರ ಕಿವಿ ನೋಡಿದಾಗ ಸುಮಾರು ಅರ್ಧದಷ್ಟು ಜನರಲ್ಲಿ ಈ ಗಂಟು ಇತ್ತು. ಆದರೆ ಚಳಿ ಎಲ್ಲಿ ಜಾಸ್ತಿಯೋ ಅಲ್ಲೇ ಜಾಸ್ತಿ ಅಂತೇನೂ ಕಾಣಲಿಲ್ಲ. ಮೀನು-ಸಿಂಪಿಗೆ ನೀರಿಗಿಳಿಯುತ್ತಿದ್ದದ್ದು ಒಂದು ಕಾರಣ ಇರಬಹುದು. ವಂಶದಿಂದ ಬಂದ ಗುಣವೂ ಸೇರಿರಬಹುದು.

ಪ್ರಶ್ನೆ (ಎಂ.ಎ. ವಿದ್ಯಾರ್ಥಿನಿ, ಧಾರವಾಡ): ಸರ್, ಕಿವಿ ನೋಡಿ ಅವರು ಮಾತಾಡ್ತಿದ್ರು ಅಂತ ಹೇಳಬಹುದಾ?

ಉತ್ತರ: ಇಲ್ಲಿ ನಾನು ಸ್ವಲ್ಪ ಜಿಪುಣ. ಸ್ಪೇನಿನ ಅಟಾಪುಎರ್ಕಾದಲ್ಲಿ ಸಿಮಾ ದೆ ಲೋಸ್ ಉಏಸೋಸ್ ಅನ್ನೋ ಗುಂಡಿ ಇದೆ. ಅಲ್ಲಿ ಸಿಕ್ಕಿದ್ದು ನಿಯಾಂಡರ್ತಲ್ ವಂಶದ ಮೊದಮೊದಲಿನವರ ಬುರುಡೆಗಳು, ಸುಮಾರು 4,30,000 ವರ್ಷ ಹಳೆಯವು. 2004ರಲ್ಲಿ ಅವುಗಳ ಕಿವಿ ಅಳೆದು, ಯಾವ ಸ್ವರ ಎಷ್ಟು ಬಲವಾಗಿ ಕಾಕ್ಲಿಯಾ ಬಾಗಿಲು ಮುಟ್ಟುತ್ತದೆ ಅಂತ ಲೆಕ್ಕ ಹಾಕಿದರು. ಚಿಂಪಾಂಜಿಯ ಕಿವಿ 2ರಿಂದ 4 ಕಿಲೋಹರ್ಟ್ಸ್ (ಸ್ವರದ ಎತ್ತರದ ಅಳತೆ) ನಡುವೆ ಸ್ವಲ್ಪ ಮಂದ. ನಮ್ಮ ಮಾತಿಗೆ ಬೇಕಾದ ಎಷ್ಟೋ ಸೂಕ್ಷ್ಮ ಅಲ್ಲೇ ಇದೆ. ಸಿಮಾದವರಲ್ಲಿ ಆ ಮಂದ ಇರಲಿಲ್ಲ, ನಮ್ಮ ಥರವೇ ಇತ್ತು. 2021ರಲ್ಲಿ ಮರ್ಸೆದೆಸ್ ಕೊಂಡೆ-ವಲ್ವೆರ್ದೆ ತಂಡ, ನಿಯಾಂಡರ್ತಲ್‌ಗಳ ಕಿವಿ ಈ ವಿಷಯದಲ್ಲಿ ನಮಗೆ ಇನ್ನೂ ಹತ್ತಿರ ಅಂದಿತು.

ಈ ಎತ್ತರದ ಸ್ವರಗಳ ಬೆಲೆ ನನಗೆ ಒಪಿಡಿಯಲ್ಲಿ ದಿನಾ ಕಾಣುತ್ತದೆ. "ಕೇಳಿಸ್ತದ ರೀ, ಆದ್ರ ತಿಳೀವಲ್ದು" ಅಂತಾರೆ ವಯಸ್ಸಾದವರು. ಸ, ಶ, ತ, ಕ ಇಂಥ ಅಕ್ಷರಗಳು ಕಳೆದುಹೋಗಿರುತ್ತವೆ. ಆದರೆ ಆ ಲೆಕ್ಕ ಕಾಕ್ಲಿಯಾ ಬಾಗಿಲಿಗೇ ನಿಲ್ಲುತ್ತದೆ. ಮುಂದಿನ ನರ, ಮಿದುಳು ಯಾವುದೂ ಉಳಿದಿಲ್ಲ. ಮಾತು ಕೇಳುವ ಕಿವಿ ಇತ್ತು ಅನ್ನಬಹುದು. ಮಾತು ಇತ್ತು ಅನ್ನಲು ಬೇರೆ ಸಾಕ್ಷಿ ಬೇಕು.

ಮತ್ತೆ ಗದಗದ ಮಾಸ್ತರು: ಹಾಗಾದ್ರೆ ಎಲ್ಲ ಕಿವಿ ಕಾಯಿಲೆಯೂ ಮೂಳೆಯಲ್ಲಿ ಸಿಗುತ್ತಾ?

ಉತ್ತರ: ಇಲ್ಲ ಮಾಸ್ತರೇ, ಬಹಳಷ್ಟು ಸಿಗಲ್ಲ. ವಯಸ್ಸಿನಿಂದ, ಗದ್ದಲದಿಂದ ಬರುವ ಕಿವುಡು ಮೂಳೆಗೆ ಗುರುತು ಬಿಡುವುದಿಲ್ಲ. ಆದರೆ ಕಿವಿ ಸೋರುವ ಕಾಯಿಲೆ ಗುರುತು ಬಿಡುತ್ತದೆ. ಕಿವಿಯ ಹಿಂದೆ ಕೈಗೆ ಸಿಗುವ ಉಬ್ಬು ಮೂಳೆಯಲ್ಲಿ ಗಾಳಿ ತುಂಬಿದ ಸಣ್ಣ ಗೂಡುಗಳಿರುತ್ತವೆ. ಚಿಕ್ಕಂದಿನಿಂದ ಕಿವಿ ಸೋರಿದವರಲ್ಲಿ ಅವು ಸರಿಯಾಗಿ ಬೆಳೆಯದೆ ಮೂಳೆ ಗಟ್ಟಿಯಾಗಿರುತ್ತದೆ. ಹುಟ್ಟಿನಿಂದ ಬಂದ ದೋಷವೂ ಕಾಣುತ್ತದೆ. ಸ್ಪೇನಿನ ಕೊವಾ ನೆಗ್ರಾ ಗವಿಯ ಒಂದು ಸಣ್ಣ ಮೂಳೆ ತುಂಡಿನ ವರದಿ 2024ರಲ್ಲಿ ಬಂತು. ಆರು ವರ್ಷ ದಾಟಿದ ನಿಯಾಂಡರ್ತಲ್ ಮಗು. ಚಿಕ್ಕ ಕಾಕ್ಲಿಯಾ, ತಪ್ಪಾಗಿ ಬೆಳೆದ ನಾಳ. ಈ ದೋಷಗಳು ಒಟ್ಟಿಗೆ ಕಾಣುವುದು ಡೌನ್ ಸಿಂಡ್ರೋಮಿನಲ್ಲಿ. ಮಗುವಿಗೆ ಕಿವಿ ಮಂದ, ಜೊತೆಗೆ ತಲೆ ತಿರುಗುವ ತೊಂದರೆಯೂ ಇದ್ದಿರಬೇಕು. ಇಷ್ಟೆಲ್ಲ ಹೇಳಿದ್ದು ಆ ಒಂದೇ ತುಂಡು. ಆ ಹುಡುಗನಿಗೆ ಇದನ್ನೂ ಹೇಳಿ.