ಅಪ್‌ಡೇಟ್: ಕಾಫಿ ಪಾರ್ಚ್‌ಮೆಂಟ್‌ನಲ್ಲಿ ಸೀಳು ಬೀಜ, ಹುಳಿ ವಾಸನೆ

ಸಹಕಾರ ಸಂಘಕ್ಕೆ ಹಾಕುವ ಅರೇಬಿಕಾ ಪಾರ್ಚ್‌ಮೆಂಟ್‌ನಲ್ಲಿ (ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ, ಒಳಪೊರೆ ಇರುವ ಕಾಫಿ ಬೀಜ) ಸೀಳು ಬೀಜ, ಹುಳಿ ವಾಸನೆ ಯಾಕೆ ಬರ್ತಿದೆ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಎರಡಕ್ಕೂ ಬೇರೆ ಬೇರೆ ಕಾರಣ.

ಸೀಳು ಬರ್ತಿದ್ದದ್ದು ಪಲ್ಪರ್‌ನಿಂದ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರದಿಂದ. ಡ್ರಮ್‌ಗೂ ಎದುರಿನ ಪ್ಲೇಟ್‌ಗೂ ನಡುವಿನ ಸಂದು ದಪ್ಪ ಹಣ್ಣಿಗೆ ಸಾಲ್ತಿರಲಿಲ್ಲ. ಸಂದು ಹೆಚ್ಚಿಸಿದರೆ ಸಣ್ಣ ಹಣ್ಣು ಸಿಪ್ಪೆ ಬಿಡದೆ ಜಾರುತ್ತೆ. ಅದನ್ನು ಜರಡಿ ಹಿಡಿದು ಎರಡನೇ ಸಲ ಹಾಕೋದೇ ವಾಸಿ.

ಹುಳಿ ವಾಸನೆಯ ಮೂಲ, ಸಿಪ್ಪೆ ಬಿಡಿಸಿದ ಬೀಜದ ಲೋಳೆ ಬಿಡಲಿ ಅಂತ ಹುಳಿಯೋಕೆ ಹಾಕುವ ತೊಟ್ಟಿ. ಬೆಳಗ್ಗೆ ಪಲ್ಪ್ ಮಾಡಿದ್ದು, ಸಂಜೆ ಮಾಡಿದ್ದು ಒಂದೇ ತೊಟ್ಟಿಗೆ ಬಿದ್ದರೆ ಮೊದಲಿನದು ಅತಿಯಾಗಿ ಹುಳಿಯುತ್ತೆ, ಕೊನೆಯದು ಲೋಳೆ ಬಿಟ್ಟಿರಲ್ಲ. ಗಂಟೆ ಲೆಕ್ಕ ನಂಬಬೇಡಿ: ಸೆಕೆಗೆ 12 ಗಂಟೆಯಲ್ಲೇ ಮುಗೀಬಹುದು, ಚಳಿಗೆ 36 ಆದರೂ ಆಗಬಹುದು. ಒಂದು ಹಿಡಿ ಬೀಜ ತೊಳೆದು ಅಂಗೈಯಲ್ಲಿ ಉಜ್ಜಿ. ಜಾರದೆ ಜಲ್ಲಿಯ ಹಾಗೆ ಕರಕರ ಅಂದರೆ ಆಗಲೇ ತೊಳೀಬೇಕು, ಬೆಳಗಾಗಲಿ ಅಂತ ಬಿಡಬಾರದು. ಖಾಲಿ ತೊಟ್ಟಿಯ ಮೂಲೆಯಲ್ಲಿ ಹಳೇ ಬೀಜ ಉಳಿದರೂ ಮುಂದಿನ ಲಾಟ್‌ಗೆ ಅದೇ ವಾಸನೆ.

ಒಣಗಿಸೋದು ಮೊದಲಿನ ಹಾಗೇ: ತೆಳು ಪದರ, ಆಗಾಗ ಕೈಯಾಡಿಸೋದು, ರಾತ್ರಿ ಮುಚ್ಚೋದು, ತೇವಾಂಶ ಶೇ. 10–11ಕ್ಕೆ ನಿಲ್ಲಿಸೋದು. ಸಂಘದಲ್ಲಿ ಈಗ ಪ್ರತಿ ಲಾಟ್‌ಗೂ ಪಲ್ಪ್ ಮಾಡಿದ ದಿನ ಬರೆದ ಚೀಟಿ ಕಡ್ಡಾಯ.