ಸಹಾಯ ಬೇಕು: ಕೆಪಾಸಿಟರಿನಲ್ಲಿ ಗಾಜು ಇಟ್ಟರೂ ಎಲೆಕ್ಟ್ರಿಕ್ ಫೀಲ್ಡ್ (ವಿದ್ಯುತ್ ಕ್ಷೇತ್ರ) ಯಾಕೆ ಕಡಿಮೆಯಾಗಲ್ಲ?

ನಮಸ್ಕಾರ, ನಾನು ಕುಂಬಳೆ ಕಡೆಯವಳು, ಹತ್ತರವರೆಗೆ ಕನ್ನಡ ಮೀಡಿಯಂ, ಈಗ ಪ್ಲಸ್ ಟು. ಲೋಹದ ಒಳಗೆ ಎಲೆಕ್ಟ್ರಾನುಗಳು ಸರಿದು ಹೊರಗಿನ ಫೀಲ್ಡನ್ನು ಪೂರ್ತಿ ರದ್ದು ಮಾಡುತ್ತವೆ, ಇದು ಅರ್ಥವಾಗಿದೆ. ಗಾಜಿನಲ್ಲಿ ಅವು ಜಾಗ ಬಿಟ್ಟು ಹೋಗಲ್ಲ, ಒಂಚೂರು ವಾಲುತ್ತವೆ ಅಷ್ಟೆ, ಹಾಗಾಗಿ ಫೀಲ್ಡ್ ಕಡಿಮೆಯಾಗುತ್ತದೆ, ಸೊನ್ನೆಯಾಗಲ್ಲ. ಸರಿ ಅಲ್ವಾ?

ಲೆಕ್ಕದಲ್ಲಿ ಕೆಪಾಸಿಟರಿಗೆ, ಅಂದರೆ ಎದುರುಬದುರು ಇರುವ ಎರಡು ಲೋಹದ ಪ್ಲೇಟುಗಳಿಗೆ, 100 ವೋಲ್ಟ್ ಬ್ಯಾಟರಿ, ಪ್ಲೇಟುಗಳ ನಡುವೆ 2 ಮಿಲಿಮೀಟರ್, ಅಂದರೆ ಮೀಟರಿಗೆ 50,000 ವೋಲ್ಟ್. ಬ್ಯಾಟರಿ ತೆಗೆದು, ಕೆ (ಫೀಲ್ಡನ್ನು ಎಷ್ಟು ಪಟ್ಟು ತಗ್ಗಿಸುತ್ತದೆ ಅನ್ನುವ ಸಂಖ್ಯೆ) 5 ಇರುವ ಗಾಜು ತುಂಬಿಸಿದರೆ 10,000. ಬ್ಯಾಟರಿ ಹಾಗೇ ಇದ್ದರೆ ಮಾತ್ರ ಉತ್ತರ ಮತ್ತೆ 50,000! ಮೂರು ದಿನದಿಂದ ಚಿತ್ರ ಬರೆದು ನೋಡುತ್ತಿದ್ದೇನೆ. ಟ್ಯೂಷನ್ ಸರ್ ಸೂತ್ರ ತೋರಿಸಿದರು, ಅದು ನನಗೂ ಗೊತ್ತು. ಆದರೆ ಅಣುಗಳು ಆಗಲೂ ವಾಲಿಯೇ ಇರುತ್ತವಲ್ಲ, ಅವುಗಳ ಎದುರು ಫೀಲ್ಡ್ ಎಲ್ಲಿ ಹೋಯಿತು? ಬ್ಯಾಟರಿ ಪ್ಲೇಟಿಗೆ ಜಾಸ್ತಿ ಚಾರ್ಜ್ ಕಳಿಸಿ ಅದನ್ನು ಸರಿದೂಗಿಸುತ್ತದಾ? ಹೌದಾದರೆ ಸರಿಯಾಗಿ 5 ಪಟ್ಟೇ ಯಾಕೆ?